ಜಲಜೀವಶಾಸ್ತ್ರದಲ್ಲಿ ರೂಪಕ: ಕಿರುಜಗತ್ತು, ಸರಪಳಿ, ಬಳಸು

(೧)

ಶಾಸ್ತ್ರಗ್ರಂಥಗಳ ಭಾಷೆ ವಾಚ್ಯಾರ್ಥವನ್ನೇ ಹಿಡಿದು ನಡೆಯತಕ್ಕುದೆಂದೂ, ಲಕ್ಷಣೆ ಕಾವ್ಯಕ್ಕೆ ಸೇರಿದುದೆಂದೂ ಸಾಮಾನ್ಯವಾದ ಒಂದು ಭಾವನೆಯುಂಟು. ನಮ್ಮ ಆಲಂಕಾರಿಕರು ಹೀಗೆ ಗಡಿ ಹಾಕಲಿಲ್ಲ. ಮಮ್ಮಟನು ಕಾವ್ಯಪ್ರಕಾಶದಲ್ಲಿ ಲಕ್ಷಣೆಗೆ ನಿಮಿತ್ತಗಳನ್ನು ಹೇಳುವಾಗ, ಮುಖ್ಯಾರ್ಥದ ಬಾಧೆ, ಮುಖ್ಯಾರ್ಥದೊಡನೆ ಸಂಬಂಧ ಎಂಬ ಎರಡರ ಬಳಿಕ ಮೂರನೆಯದಾಗಿ ರೂಢಿಯನ್ನಾಗಲಿ ಪ್ರಯೋಜನವನ್ನಾಗಲಿ ಇಡುತ್ತಾನೆ. ‘ಕುಶಲ’ ಎಂಬ ಮಾತಿನಲ್ಲಿ ದರ್ಭೆ ಕೊಯ್ಯುವವನು ಈಗ ಯಾರಿಗೂ ಕಾಣುವುದಿಲ್ಲ. ಅಲ್ಲಿ ಲಕ್ಷಣೆ ರೂಢಿಯಲ್ಲಿ ಕರಗಿಹೋಗಿದೆ. ಪ್ರಯೋಜನಕ್ಕಾಗಿ ತಂದ ಮಾತಿನಲ್ಲಾದರೋ ವಾಚ್ಯಕ್ಕೂ ಲಕ್ಷ್ಯಕ್ಕೂ ನಡುವಣ ಅಂತರವು ಓದುವವನಿಗೆ ಕಾಣುತ್ತಿರುತ್ತದೆ.

ಈ ವಿಭಾಗವು ಶಾಸ್ತ್ರದ ಭಾಷೆಗೆ ಕಾವ್ಯದ ಭಾಷೆಗಿಂತಲೂ ಹೆಚ್ಚಾಗಿ ಅನ್ವಯಿಸುತ್ತದೆ. ಶಾಸ್ತ್ರಜ್ಞನು ಹೊಸದೊಂದನ್ನು ಹೇಳಬೇಕಾದಾಗ ಹಳೆಯ ಮಾತೊಂದನ್ನು ಪ್ರಯೋಜನಕ್ಕಾಗಿ ಎತ್ತಿಕೊಳ್ಳುತ್ತಾನೆ. ಶಿಷ್ಯರ ಕೈಯಲ್ಲಿ ಅದು ರೂಢಿಯಾಗುತ್ತದೆ. ರೂಢಿಯಾದ ಮೇಲೆ ಅದು ರೂಪಕವೆಂಬುದೇ ಮರೆತು, ಅದು ಯಾವುದನ್ನು ತೋರಿಸಲಿಲ್ಲವೋ ಅದು ಇಲ್ಲವೆಂದೇ ಎಣಿಸಲ್ಪಡುತ್ತದೆ. ಇದಕ್ಕೆ ಜಲಜೀವಶಾಸ್ತ್ರದ ನೂರು ವರ್ಷಗಳ ಚರಿತ್ರೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಸಮುದ್ರದ ಮೇಲ್ಮಟ್ಟದ ನೀರಿನ ಒಂದು ಮಿಲಿಲೀಟರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಗಳಿರುತ್ತವೆ. ಇಂಗಾಲ, ಸಾರಜನಕ, ರಂಜಕ, ಗಂಧಕ ಇವು ನೀರಿನಲ್ಲಿ ಒಂದು ರೂಪದಿಂದ ಇನ್ನೊಂದಕ್ಕೆ ತಿರುಗುವುದು ಬಹುಮಟ್ಟಿಗೆ ಇವುಗಳಿಂದ. ಆದರೂ ನೀರಿನ ಜೀವನವನ್ನು ಸಮಗ್ರವಾಗಿ ವರ್ಣಿಸಲು ಹೊರಟ ಬರಹಗಳಲ್ಲಿ ಇವುಗಳಿಗೆ ದೀರ್ಘಕಾಲ ಅಂಚಿನ ಸ್ಥಾನವೇ ಗತಿಯಾಯಿತು. ೧೮೮೭, ೧೯೪೨, ೧೯೮೩ ಈ ವರ್ಷಗಳ ಮೂರು ಪ್ರಬಂಧಗಳನ್ನು ಅವುಗಳ ಪ್ರಧಾನರೂಪಕದ ದೃಷ್ಟಿಯಿಂದ ಪರಿಶೀಲಿಸಿ, ಅವುಗಳಿಂದ ಕನ್ನಡದ ಪರಿಭಾಷೆಗೆ ದೊರೆಯುವ ಪಾಠವೇನೆಂದು ನೋಡುವುದು ಪ್ರಕೃತ ಲೇಖನದ ಉದ್ದೇಶ.

(೨)

ಅಮೆರಿಕದ ಇಲಿನಾಯ್ ಸಂಸ್ಥಾನದ ಪ್ರಾಣಿಶಾಸ್ತ್ರಜ್ಞರಾದ ಸ್ಟೀಫನ್ ಫೋರ್ಬ್ಸ್ (೧೮೪೪–೧೯೩೦) ಅವರು ಸರೋವರವನ್ನು ಒಂದು ಕಿರುಜಗತ್ತೆಂದು ಕರೆಯುವ ತಲೆಬರಹದ ಪ್ರಬಂಧವನ್ನು ೧೮೮೭ರ ಫೆಬ್ರವರಿ ೨೫ರಂದು ಪಿಯೋರಿಯಾ ನಗರದ ವಿಜ್ಞಾನಸಂಘದಲ್ಲಿ ಓದಿದರು. ಮೂರು ಪ್ರಬಂಧಗಳಲ್ಲಿ ಗದ್ಯದ ಸೊಗಸಿಗೆ ಇದೇ ಮೇಲಾದುದು. ಇದರ ಮುಖ್ಯವಾದ ವಾದವು ಸರಳವಾಗಿದೆ. ಸರೋವರದ ಯಾವುದೊಂದು ಜೀವಿಯನ್ನು ತಿಳಿಯಬೇಕಾದರೂ ಅದನ್ನು ಮಾತ್ರ ನೋಡಿದರೆ ಸಾಲದು. ಕಪ್ಪು ಬಾಸ್ ಎಂಬ ಮೀನನ್ನು ತಿಳಿಯಬೇಕಾದವನು ಅದು ತಿನ್ನುವ ಜೀವಿಗಳನ್ನೂ, ಆ ಜೀವಿಗಳ ಆಹಾರವನ್ನೂ, ಅದೇ ಆಹಾರಕ್ಕೆ ಸ್ಪರ್ಧಿಗಳಾದ ಇತರ ಜೀವಿಗಳನ್ನೂ ತಿಳಿಯಬೇಕು. ತನ್ನ ಚೀಲಗಳಲ್ಲಿ ಕ್ಷುದ್ರವಾದ ಜಲಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಒಂದು ನೀರುಗಿಡವೂ ಮರಿಮೀನಿಗೆ ಹೀಗೆ ಸ್ಪರ್ಧಿಯೇ ಆಗುತ್ತದೆ. ಗಿಡವೊಂದು ಮೀನಿನ ಎದುರಾಳಿಯಾಗಿ ನಿಲ್ಲುವ ಈ ದೃಷ್ಟಾಂತವು ಪ್ರಬಂಧದ ಅತ್ಯಂತ ಸಫಲವಾದ ಭಾಗ. ಜಾತಿಗಳ ಪಟ್ಟಿಯನ್ನು ಕೊಡುವುದೇ ಪ್ರಾಣಿಶಾಸ್ತ್ರವೆಂಬ ಭಾವನೆಯಿದ್ದ ಕಾಲದಲ್ಲಿ ಸಂಬಂಧಗಳನ್ನೇ ವಿಷಯವನ್ನಾಗಿ ಮಾಡಿಕೊಂಡುದು ಈ ಬರಹದ ಸ್ಥಿರವಾದ ಹಿರಿಮೆ.

ಆದರೆ ‘ಕಿರುಜಗತ್ತು’ ಎಂಬ ರೂಪಕವು ತನ್ನೊಡನೆ ಎರಡು ಅರ್ಥಗಳನ್ನು ಬೇಡದೆಯೇ ತಂದಿತು. ಜಗತ್ತೆಂದಮೇಲೆ ಅದು ತನ್ನಲ್ಲಿ ತಾನೇ ಪೂರ್ಣವಾದುದು, ಅದಕ್ಕೆ ಹೊರಗೆಂಬುದಿಲ್ಲ. ಜಗತ್ತೆಂದಮೇಲೆ ಅಲ್ಲಿ ಒಂದು ವ್ಯವಸ್ಥೆಯೂ ಇರಲೇಬೇಕು. ತಿನ್ನುವ ಜೀವಿಗೂ ತಿನಿಸಾಗುವ ಜೀವಿಗೂ ಕೊನೆಯಲ್ಲಿ ಹಿತವು ಒಂದೇ ಎಂದೂ, ಇಷ್ಟೊಂದು ಕಲಹದಿಂದ ಸಮತೋಲವೇ ಫಲಿಸುವುದೆಂದೂ ತೋರಿಸಿ ಫೋರ್ಬ್ಸರು ಮುಗಿಸುತ್ತಾರೆ. ಈ ಸಮಾಪ್ತಿಯಲ್ಲಿ ಪ್ರಮಾಣಕ್ಕಿಂತ ರೂಪಕದ ಒತ್ತಡವೇ ಹೆಚ್ಚಾಗಿದೆ. ಮೇಲಾಗಿ ಈ ಜಗತ್ತಿನ ನಾಯಕನು ಮೀನು. ಮೀನಿಗೆ ಉಪಕಾರಿಯೋ ಅಪಕಾರಿಯೋ ಆದಷ್ಟು ಮಟ್ಟಿಗೆ ಮಾತ್ರ ಉಳಿದವುಗಳಿಗೆ ಪ್ರವೇಶವುಂಟು. ಬ್ಯಾಕ್ಟೀರಿಯಗಳ ಕಾರ್ಯವು ಈ ವಾದದ ಆಧಾರಗಳಲ್ಲಿ ಸೇರಿಲ್ಲ.

ಅದೇ ೧೮೮೭ರಲ್ಲಿ ಯೂರೋಪಿನಲ್ಲಿ ಇನ್ನೊಂದು ಬರಹವು ಪ್ರಕಟವಾಯಿತು. ಸ್ಟ್ರಾಸ್‌ಬುರ್ಗ್ ನಗರದಲ್ಲಿ ಕೆಲಸಮಾಡುತ್ತಿದ್ದ ಸೆರ್ಗೆಯ್ ವಿನೊಗ್ರಾಡ್ಸ್ಕಿ ಎಂಬ ರಷ್ಯದ ವಿದ್ವಾಂಸರು ಬೆಜಿಯಟೋವ ಎಂಬ ನೂಲಿನಾಕಾರದ ಗಂಧಕ ಬ್ಯಾಕ್ಟೀರಿಯಗಳನ್ನು ಪರೀಕ್ಷಿಸಿ, ಅವು ಜಲಜನಕದ ಸಲ್ಫೈಡನ್ನು ಉತ್ಕರ್ಷಿಸಿ ಅದರಿಂದಲೇ ಜೀವಶಕ್ತಿಯನ್ನು ಪಡೆಯುತ್ತವೆಂದು ತೋರಿಸಿದರು. ಕೆಸರಿನ ಮೇಲಿನ ಬಿಳಿಯ ನೂಲಿನಂತಹ ಜೀವಿಯೊಂದು ಬಿಸಿಲನ್ನೂ ಬೇಡದೆ ಕಲ್ಲುಮಣ್ಣಿನ ದ್ರವ್ಯದಿಂದ ಬದುಕಬಲ್ಲುದು ಎಂಬುದು ಇದರ ಅರ್ಥ. ೧೮೯೦ರಲ್ಲಿ ಅವರೇ ಜ್ಯೂರಿಚ್ಚಿನಲ್ಲಿ, ಅಮೋನಿಯವನ್ನು ನೈಟ್ರೈಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳನ್ನೂ ಬೇರ್ಪಡಿಸಿದರು. ಸರೋವರದ ಸಮಗ್ರತೆಯನ್ನು ಹೇಳಿದ ಬರಹವೂ, ಆ ಸಮಗ್ರತೆಯಲ್ಲಿ ಕಾಣದೆಹೋದುದನ್ನು ಹೇಳಿದ ಬರಹವೂ ಒಂದೇ ವರ್ಷದಲ್ಲಿ ಹುಟ್ಟಿ, ಬಹುಕಾಲ ಒಂದನ್ನೊಂದು ಸಂಧಿಸದೆ ಉಳಿದುವು. ಒಂದು ಪ್ರಾಣಿಶಾಸ್ತ್ರದ ಕಪಾಟಿಗೂ ಇನ್ನೊಂದು ಸಸ್ಯಶಾಸ್ತ್ರದ ಕಪಾಟಿಗೂ ಸೇರಿದುವು.

(೩)

‘ಸರಪಳಿ’ ಎಂಬ ರೂಪಕವನ್ನು ಪ್ರಸಿದ್ಧಿಗೆ ತಂದವರು ಆಂಗ್ಲ ಪ್ರಾಣಿಶಾಸ್ತ್ರಜ್ಞರಾದ ಚಾರ್ಲ್ಸ್ ಎಲ್ಟನ್. ೧೯೨೭ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರಿನಲ್ಲಿಯೇ ಅದು ಪ್ರಾಣಿಗಳನ್ನು ಕುರಿತದ್ದೆಂಬ ಸೂಚನೆಯಿದೆ. ಸಣ್ಣದನ್ನು ದೊಡ್ಡದು, ಅದನ್ನು ಇನ್ನೂ ದೊಡ್ಡದು ನುಂಗುವ ಸಾಲಿಗೆ ಅವರು ಸರಪಳಿಯೆಂದರು. ಅನೇಕ ಸರಪಳಿಗಳು ಹೆಣೆದುಕೊಂಡುದಕ್ಕೆ ಆಹಾರಚಕ್ರವೆಂದರು. ಮುಂದಿನವರು ಚಕ್ರವನ್ನು ಬಿಟ್ಟು ಸರಪಳಿಯನ್ನೇ ಉಳಿಸಿಕೊಂಡುದು ಗಮನಾರ್ಹವಾದ ಸಂಗತಿ. ಸರಪಳಿಗೆ ತುದಿಯೆರಡುಂಟು, ಅದು ಒಂದೇ ಕಡೆಗೆ ಎಳೆಯುತ್ತದೆ, ಅದರ ಕೊಂಡಿಗಳೆಲ್ಲ ಒಂದೇ ಜಾತಿಯವು. ಕೆಳಗಿನ ಕೊಂಡಿಯಿಂದ ಸೋರಿದುದು ಎಲ್ಲಿಗೆ ಹೋಯಿತೆಂದು ಕೇಳುವುದಕ್ಕೆ ಈ ರೂಪಕದಲ್ಲಿ ಎಡೆಯೇ ಇಲ್ಲ, ಏಕೆಂದರೆ ಸರಪಳಿ ಸೋರತಕ್ಕ ವಸ್ತುವಲ್ಲ.

ರೇಮಂಡ್ ಲಿಂಡ್‌ಮನ್ನರ ಪ್ರಬಂಧವು (೧೯೪೨) ಈ ಸರಪಳಿಗೆ ಲೆಕ್ಕದ ರೂಪವನ್ನು ಕೊಟ್ಟಿತು. ಮಿನೆಸೋಟ ಸಂಸ್ಥಾನದ ಸೀಡರ್ ಬಾಗ್ ಎಂಬ ಚಿಕ್ಕ ಸರೋವರದ ಮೇಲೆ ವರ್ಷವೊಂದಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಸೂರ್ಯಶಕ್ತಿ ೧,೧೮,೮೭೨ ಕ್ಯಾಲೊರಿ. ಸಸ್ಯಗಳಲ್ಲಿ ನೆಲಸುವುದು ೧೧೧.೩; ಸಸ್ಯಾಹಾರಿಗಳಿಗೆ ಸೇರುವುದು ೧೪.೮, ಅವನ್ನು ತಿನ್ನುವವುಗಳಿಗೆ ೩.೧. ಜೀವಿಗಳ ಹೆಸರುಗಳನ್ನು ಬದಿಗಿಟ್ಟು ಶಕ್ತಿಯ ಮೆಟ್ಟಿಲುಗಳನ್ನಷ್ಟೆ ನೋಡುವ ಧೈರ್ಯವು ಈ ಪ್ರಬಂಧದ ಗುಣ. ಪರೀಕ್ಷಕರ ಆಕ್ಷೇಪಣೆಯಿಂದ ಮೊದಲು ತಿರಸ್ಕೃತವಾಗಿ, ಹಚಿನ್‌ಸನ್ ಅವರ ಪ್ರೇರಣೆಯಿಂದ ಅದು ಅಂಗೀಕೃತವಾಯಿತು. ಅಚ್ಚಾಗುವುದಕ್ಕೆ ಮೊದಲೇ, ೧೯೪೨ರ ಜೂನ್ ತಿಂಗಳಲ್ಲಿ, ೨೭ ವರ್ಷ ತುಂಬುವ ಮುನ್ನವೇ ಲಿಂಡ್‌ಮನ್ನರು ತೀರಿಕೊಂಡರು.

ವಿಮರ್ಶೆಗೆ ಮುಖ್ಯವಾದುದು ಈ ಪ್ರಬಂಧದ ಚಿತ್ರಕ್ಕೂ ಗಣಿತಕ್ಕೂ ಇರುವ ವಿರೋಧ. ಸರೋವರದ ಆಹಾರಸಂಬಂಧಗಳನ್ನು ತೋರಿಸುವ ಅವರ ನಕ್ಷೆಯಲ್ಲಿ ಕೆಸರೂ ಬ್ಯಾಕ್ಟೀರಿಯಗಳೂ ನಡುವೆಯೇ ಇವೆ. ಬಾಣದ ಗುರುತುಗಳು ಅಲ್ಲಿಗೆ ಬಂದು ಅಲ್ಲಿಂದ ಹೊರಡುತ್ತವೆ. ಲೆಕ್ಕದ ಸಾಲಿಗೆ ಬಂದಾಗ ಸಸ್ಯ, ಸಸ್ಯಾಹಾರಿ, ಮಾಂಸಾಹಾರಿ ಎಂಬ ಮೆಟ್ಟಿಲುಗಳು ಉಳಿದು, ಬ್ಯಾಕ್ಟೀರಿಯಗಳಿಗೆ ಪ್ರತ್ಯೇಕವಾದ ಮೆಟ್ಟಿಲೇ ಇಲ್ಲವಾಗುತ್ತದೆ. ಚಿತ್ರವು ಕಂಡುದನ್ನು ಸರಪಳಿಯು ಎಣಿಸಲಾರದೆ ಹೋಯಿತು. ಇದೇ ಸಮಯಕ್ಕೆ, ೧೯೪೧–೪೨ರಲ್ಲಿ, ಇಂಗ್ಲೆಂಡಿನ ಸರೋವರಗಳಲ್ಲಿ ಪರಿಶೋಧನೆ ನಡೆಸಿದ ಮಾರ್ಟಿಮರ್ ಅವರು ಕೆಸರಿನ ಮೇಲ್ಪದರದಲ್ಲಿ ಆಮ್ಲಜನಕವು ತೀರಿದಾಗ ಅಲ್ಲಿ ಸಿಕ್ಕಿಕೊಂಡಿದ್ದ ರಂಜಕವು ಮತ್ತೆ ನೀರಿಗೆ ಬಿಡುಗಡೆಯಾಗುವುದನ್ನು ತೋರಿಸಿದರು. ಆಮ್ಲಜನಕವನ್ನು ತೀರಿಸುವುದು ಬಹುಮಟ್ಟಿಗೆ ಬ್ಯಾಕ್ಟೀರಿಯಗಳ ಉಸಿರಾಟ. ಸರಪಳಿಯ ಕೊನೆಯೆಂದು ಭಾವಿಸಿದ ಕೆಸರೇ ಹೀಗೆ ಇನ್ನೊಂದು ಆರಂಭವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ತಪ್ಪು ಮಾತಿನದಲ್ಲ, ಉಪಕರಣದ್ದು. ಎಣಿಸಲಾಗದುದನ್ನು ಎಣಿಕೆಗೆ ಸೇರಿಸುವುದು ಹೇಗೆ? ಎಂದು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ತಟ್ಟೆಯಲ್ಲಿ ಪೋಷಕದ್ರವ್ಯವನ್ನು ಹರಡಿ ಅದರ ಮೇಲೆ ಬೆಳೆದ ಬ್ಯಾಕ್ಟೀರಿಯಗಳನ್ನು ಎಣಿಸುವ ಹಳೆಯ ಕ್ರಮದಲ್ಲಿ ನೀರಿನಲ್ಲಿರುವವುಗಳ ಪೈಕಿ ನೂರಕ್ಕೆ ಒಂದೂ ಬೆಳೆಯದೆ ಇರುವುದು ಸಾಮಾನ್ಯ. ಸೂಕ್ಷ್ಮರಂಧ್ರಗಳ ಸೋಸುಪೊರೆಯ ಮೇಲೆ ಅವನ್ನು ಹಿಡಿದು, ಹೊಳೆಯುವ ಬಣ್ಣ ಹಾಕಿ ನೇರವಾಗಿ ಎಣಿಸುವ ಕ್ರಮವನ್ನು ಹಾಬಿ ಮತ್ತು ಅವರ ಸಹೋದ್ಯೋಗಿಗಳು ೧೯೭೭ರಲ್ಲಿ ವ್ಯವಸ್ಥೆಗೊಳಿಸಿದ ಮೇಲೆಯೇ ನಿಜವಾದ ಸಂಖ್ಯೆಗಳು ದೊರೆತುವು. ಆದರೆ ಉಪಕರಣವೊಂದೇ ಕಾರಣವಾಗಿದ್ದ ಪಕ್ಷದಲ್ಲಿ, ಅಳೆಯಲಾಗದೆ ಬಿಟ್ಟುದೆಂಬ ಜಾಗವಾದರೂ ಲೆಕ್ಕದಲ್ಲಿ ಖಾಲಿಯಾಗಿ ಉಳಿಯಬೇಕಿತ್ತು. ಸರಪಳಿಯು ಆ ಜಾಗವನ್ನೂ ಉಳಿಸಲಿಲ್ಲ. ಉಪಕರಣದ ಕೊರತೆಯು ಅಜ್ಞಾನವನ್ನು ಉಂಟುಮಾಡುತ್ತದೆ. ಅಜ್ಞಾನವು ಕಾಣದಂತೆ ಮಾಡುವುದು ರೂಢಿಯಾದ ರೂಪಕದ ಕೆಲಸ.

(೪)

೧೯೭೪ರಲ್ಲಿ ಲಾರೆನ್ಸ್ ಪಾಮರಾಯ್ ಅವರು ಸಮುದ್ರದ ಉಸಿರಾಟದಲ್ಲಿ ಬಲೆಗೆ ಸಿಕ್ಕದಷ್ಟು ಸಣ್ಣ ಜೀವಿಗಳ ಪಾಲೇ ದೊಡ್ಡದೆಂದು ವಾದಿಸಿದರು. ೧೯೮೩ರಲ್ಲಿ ಐದು ದೇಶಗಳ ಆರು ಮಂದಿ, ಅಜಮ್, ಫೆಂಶೆಲ್, ಫೀಲ್ಡ್, ಗ್ರೇ, ಮೇಯರ್‌ರೈಲ್, ಟಿಂಗ್‌ಸ್ಟಾಡ್, ಸೇರಿ ಏಳು ಪುಟಗಳ ಒಂದು ಪ್ರಬಂಧದಲ್ಲಿ ಈ ವಾದಕ್ಕೆ ಆಕಾರವನ್ನು ಕೊಟ್ಟರು. ಅವರ ಕಥನವು ಹೀಗಿದೆ. ಪಾಚಿಗಳು ಬಿಸಿಲಿನಿಂದ ಕಟ್ಟಿದ ಇಂಗಾಲದ್ರವ್ಯದಲ್ಲಿ ಒಂದು ಭಾಗವು ಕರಗಿದ ರೂಪದಲ್ಲಿ ನೀರಿಗೆ ಸೋರುತ್ತದೆ. ಬಾಯಿಯುಳ್ಳ ಯಾವ ಪ್ರಾಣಿಯೂ ಇದನ್ನು ಹಿಡಿಯಲಾರದು, ಬ್ಯಾಕ್ಟೀರಿಯಗಳು ಹೀರಿಕೊಳ್ಳುತ್ತವೆ. ಹೀಗೆ ಅವು ಉಪಯೋಗಿಸುವುದು ಬಿಸಿಲಿನಿಂದ ಕಟ್ಟಿದ ಇಂಗಾಲದಲ್ಲಿ ನೂರಕ್ಕೆ ೧೦ರಿಂದ ೫೦ರಷ್ಟು. ಚಾವಟಿಯಂತಹ ಬಾಲವುಳ್ಳ ಏಕಕೋಶಜೀವಿಗಳು ಬ್ಯಾಕ್ಟೀರಿಯಗಳನ್ನು ತಿನ್ನುತ್ತವೆ. ಅವನ್ನು ಸ್ವಲ್ಪ ದೊಡ್ಡ ಪ್ಲವಕಪ್ರಾಣಿಗಳು ತಿನ್ನುತ್ತವೆ. ಹೀಗೆ ಸೋರಿಹೋದುದರಲ್ಲಿ ಒಂದಂಶವು ಸುತ್ತಿಕೊಂಡು ಬಂದು ಹಳೆಯ ಆಹಾರಸಾಲನ್ನು ಸೇರುತ್ತದೆ. ಈ ಸುತ್ತಿಗೆ ಅವರು ಇಟ್ಟ ಆಂಗ್ಲನಾಮವು ದಾರ ಬಳಸಿ ಬರುವ ಬಗೆಯನ್ನು ಸೂಚಿಸುತ್ತದೆ.

ಬರವಣಿಗೆಯಾಗಿ ಇದು ಫೋರ್ಬ್ಸರ ಪ್ರಬಂಧದ ಹತ್ತಿರಕ್ಕೂ ಬಾರದು. ವಾಕ್ಯಗಳು ಒಣಗಿವೆ, ಆರು ಕೈಗಳ ಗುರುತೂ ಅಲ್ಲಲ್ಲಿದೆ. ಆದರೆ ರೂಪಕದ ವಿಷಯದಲ್ಲಿ ಇದರ ನಡತೆಯು ಹೆಚ್ಚು ಪ್ರಾಮಾಣಿಕವಾದುದು. ತಲೆಬರಹದಲ್ಲಿ ರೂಪಕವೇ ಇಲ್ಲ. ಸಾರಸಂಗ್ರಹದಲ್ಲಿ ಆ ಮಾತು ಬಂದಾಗ ಉದ್ಧರಣಚಿಹ್ನೆಗಳ ನಡುವೆ ಬರುತ್ತದೆ. ಇದು ಪ್ರಯೋಜನಲಕ್ಷಣೆ, ವಾಚ್ಯವೆಂದು ಹಿಡಿಯಬೇಡಿರಿ, ಎಂಬ ಎಚ್ಚರವನ್ನು ಆ ಎರಡು ಚಿಹ್ನೆಗಳು ಹೇಳುತ್ತವೆ. ಮುಂದಿನವರು ಚಿಹ್ನೆಗಳನ್ನು ತೆಗೆದುಹಾಕಿದರು.

ಈ ಸಿದ್ಧಾಂತದಿಂದ ಬ್ಯಾಕ್ಟೀರಿಯಗಳ ಹಳೆಯ ಬಿರುದೂ ಅಲುಗಾಡಿತು. ಸತ್ತುದನ್ನು ಕೊಳೆಯಿಸಿ ಪೋಷಕಾಂಶಗಳನ್ನು ಬಿಡುಗಡೆ ಮಾಡುವುದೇ ಅವುಗಳ ಧರ್ಮವೆಂದು ಪುಸ್ತಕಗಳು ಹೇಳುತ್ತಿದ್ದುವು. ಆದರೆ ರೆಡ್‌ಫೀಲ್ಡರು ಕಂಡುಹಿಡಿದ ಪ್ರಮಾಣದಂತೆ ಸಮುದ್ರದ ಪ್ಲವಕದಲ್ಲಿ ಇಂಗಾಲ, ಸಾರಜನಕ, ರಂಜಕಗಳ ಪರಮಾಣುಗಳು ೧೦೬ : ೧೬ : ೧ ರಂತೆ ಇದ್ದರೆ, ಬ್ಯಾಕ್ಟೀರಿಯಗಳ ಮೈಯಲ್ಲಿ ಇಂಗಾಲಕ್ಕೆ ಹೋಲಿಸಿದಾಗ ಸಾರಜನಕ ರಂಜಕಗಳು ಸಾಮಾನ್ಯವಾಗಿ ಇನ್ನೂ ಹೆಚ್ಚು. ಪಾಚಿಯಿಂದ ಸೋರಿದ ದ್ರವ್ಯದಲ್ಲಿ ಇವು ಕಡಮೆಯಾದಾಗ ಬ್ಯಾಕ್ಟೀರಿಯಗಳು ನೀರಿನಲ್ಲಿರುವ ಅಮೋನಿಯವನ್ನೂ ಫಾಸ್ಫೇಟನ್ನೂ ತಾವೇ ಹೀರಿ ಪಾಚಿಗೆ ಸ್ಪರ್ಧಿಗಳಾಗುತ್ತವೆ. ಪೋಷಕಾಂಶವು ಬಿಡುಗಡೆಯಾಗುವುದು ಆಗ ಬ್ಯಾಕ್ಟೀರಿಯದಿಂದಲ್ಲ, ಅದನ್ನು ತಿಂದು ಮಿಕ್ಕುದನ್ನು ವಿಸರ್ಜಿಸುವ ಏಕಕೋಶಜೀವಿಯಿಂದ. ದಾನಿಯೆಂದು ಹೆಸರಾದವನು ಸಂದರ್ಭವಿಶೇಷದಲ್ಲಿ ಯಾಚಕನಾಗುತ್ತಾನೆ. ಫೋರ್ಬ್ಸರು ನೀರುಗಿಡಕ್ಕೂ ಮರಿಮೀನಿಗೂ ಕಂಡ ಸ್ಪರ್ಧೆಯೇ ಇಲ್ಲಿ ಸೂಕ್ಷ್ಮಲೋಕದಲ್ಲಿ ಮರಳಿ ಕಾಣಿಸಿಕೊಂಡುದು ಆ ಹಳೆಯ ಪ್ರಬಂಧದ ಒಳನೋಟಕ್ಕೆ ಸಂದ ಗೌರವ.

ಆದರೂ ೧೯೮೩ರ ರೂಪಕದಲ್ಲಿ ನ್ಯೂನತೆಯಿಲ್ಲದಿಲ್ಲ. ಅದು ಹಳೆಯ ಸರಪಳಿಯನ್ನು ಒಪ್ಪಿಕೊಂಡು ಅದರ ಪಕ್ಕಕ್ಕೆ ಒಂದು ಉಪಾಂಗವನ್ನು ಜೋಡಿಸುತ್ತದೆ. ದೊಡ್ಡ ಪಾಲನ್ನು ಸಾಗಿಸತಕ್ಕುದು ಉಪಾಂಗವಾಗಿಯೇ ಉಳಿಯುತ್ತದೆ. ಸುತ್ತಿ ಮರಳಿ ಬರುವುದೆಂಬ ಭಾವವನ್ನೂ ಅದು ಹೆಚ್ಚಾಗಿ ಹುಟ್ಟಿಸುತ್ತದೆ. ೧೯೮೬ರಲ್ಲಿ ಡಕ್ಲೊ ಮತ್ತು ಅವರ ಸಹೋದ್ಯೋಗಿಗಳು ಗುರುತುಹಾಕಿದ ಇಂಗಾಲವನ್ನು ಬ್ಯಾಕ್ಟೀರಿಯಗಳಿಗೆ ಉಣ್ಣಿಸಿ ನೋಡಿದಾಗ, ದೊಡ್ಡ ಜೀವಿಗಳನ್ನು ತಲಪಿದುದು ಅತ್ಯಲ್ಪ. ಉಳಿದುದರಲ್ಲಿ ಬಹುಭಾಗ ಉಸಿರಾಗಿ ಹೋಯಿತು. ೧೯೮೯ರಲ್ಲಿ ಬೆರ್ಗ್ ಮತ್ತು ಅವರ ಸಂಗಡಿಗರು ಸಹಜವಾದ ನೀರುಗಳಲ್ಲಿ ಮಿಲಿಲೀಟರಿಗೆ ೨೫ ಕೋಟಿಯವರೆಗೂ ವೈರಸ್ ಕಣಗಳನ್ನು ಎಣಿಸಿದರು. ಇವು ಬ್ಯಾಕ್ಟೀರಿಯಗಳನ್ನು ಒಡೆದು ಅವುಗಳ ಒಳದ್ರವ್ಯವನ್ನು ಮತ್ತೆ ನೀರಿಗೇ ಚೆಲ್ಲುತ್ತವೆ. ಮೇಲೇರುತ್ತಿದ್ದುದು ಮೇಲೇರದೆ ಅಲ್ಲಿಯೇ ತಿರುಗುತ್ತದೆ. ೧೯೯೪ರಲ್ಲಿ ಕೋಲ್ ಮತ್ತು ಅವರ ಸಹೋದ್ಯೋಗಿಗಳು ೧,೮೩೫ ಸರೋವರಗಳ ೪,೬೬೫ ಮಾದರಿಗಳನ್ನು ಪರಿಶೀಲಿಸಿದಾಗ ನೂರಕ್ಕೆ ೮೭ರಲ್ಲಿ ಇಂಗಾಲಾಮ್ಲವು ಗಾಳಿಯೊಡನೆ ಸಮತೋಲಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿದ್ದಿತು. ಸುತ್ತಣ ನೆಲದಿಂದ ಹರಿದುಬಂದ ದ್ರವ್ಯವನ್ನು ಸೂಕ್ಷ್ಮಜೀವಿಗಳು ಉಸಿರಾಗಿ ಬಿಡುವುದು ಇದಕ್ಕೆ ಒಂದು ಮುಖ್ಯ ಕಾರಣ. ಫೋರ್ಬ್ಸರ ಕಿರುಜಗತ್ತಿಗೆ ಹೊರಗೆಂಬುದು ಇಲ್ಲದಿರಲಿಲ್ಲ. ಅದು ನೆಲದಿಂದ ಉಂಡು ಗಾಳಿಗೆ ಉಸಿರುತ್ತಿದ್ದಿತು.

(೫)

ಈ ಚರ್ಚೆಯು ಕನ್ನಡದ ವಿದ್ವಾಂಸರಿಗೂ ಅಧ್ಯಾಪಕರಿಗೂ ಸಂಬಂಧಪಟ್ಟುದು ಹೇಗೆಂದರೆ, ಶಾಸ್ತ್ರವನ್ನು ಅನುವಾದಿಸುವವರು ಅದರ ರೂಪಕಗಳನ್ನೂ ಅನುವಾದಿಸುತ್ತಾರೆ. ಒಂದು ಭಾಷೆಯಲ್ಲಿ ರೂಢಿಯಾಗಿ ಸತ್ತ ರೂಪಕವು ಇನ್ನೊಂದಕ್ಕೆ ಬರುವಾಗ ಕ್ಷಣಕಾಲ ಮತ್ತೆ ಜೀವಿಸುತ್ತದೆ. ಆ ಕ್ಷಣದಲ್ಲಿ ಅದನ್ನು ಪರೀಕ್ಷಿಸಬಹುದು. ಕನ್ನಡದ ಪಾಠಪುಸ್ತಕಗಳು ‘ಆಹಾರ ಸರಪಳಿ’ಯನ್ನು ಪರೀಕ್ಷೆಯಿಲ್ಲದೆ ಬರಮಾಡಿಕೊಂಡುವು. ‘ಆಹಾರ ಜಾಲ’ವು ಆಮೇಲೆ ಜೊತೆಗೂಡಿತಾದರೂ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೊದಲು ನಿಲ್ಲುವುದು ಸರಪಳಿಯೇ.

ಬ್ಯಾಕ್ಟೀರಿಯಗಳ ಹೆಸರುಗಳಲ್ಲಿ ಅನ್ಯಾಯವು ಇನ್ನೂ ಹೆಚ್ಚು. ‘ಕ್ರಿಮಿ’, ‘ರೋಗಾಣು’ ಎಂಬುವು ಅವನ್ನು ಶತ್ರುಪಕ್ಷಕ್ಕೆ ಸೇರಿಸುತ್ತವೆ. ‘ಕೊಳೆತಿನಿ’ ಎಂಬುದು ಅಚ್ಚಗನ್ನಡದ ಸುಂದರವಾದ ಮಾತು. ಆದರೆ ಕೊಳೆ ಎಂದರೆ ಮಲಿನವೆಂಬ ಅರ್ಥವೂ ಅದರಲ್ಲಿ ಅಂಟಿಕೊಂಡಿದೆ. ಮೇಲಾಗಿ ಜೀವಂತವಾದ ಪಾಚಿಯಿಂದ ಹೊಸದಾಗಿ ಸೋರಿದುದನ್ನು ಹೀರುವ ಜೀವಿಯು ಕೊಳೆಯನ್ನು ತಿನ್ನುತ್ತಿಲ್ಲ. ‘ವಿಘಟಕ’ವೆಂಬುದು ಒಡೆಯುವ ಕಾರ್ಯವನ್ನು ಮಾತ್ರ ಹೇಳಿ, ಕಟ್ಟುವ ಕಾರ್ಯವನ್ನು ಬಿಡುತ್ತದೆ. ಊರಿನ ಕೊಚ್ಚೆನೀರಿಗೆ ಗಾಳಿಯೂದಿ ಬ್ಯಾಕ್ಟೀರಿಯಗಳ ಕೆಸರಿನಿಂದಲೇ ಅದನ್ನು ಶುದ್ಧಿಗೊಳಿಸುವ ಕ್ರಮವನ್ನು ೧೯೧೪ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಅವರು ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯರಾಗಿದ್ದರು. ನೀರಿನ ಸೂಕ್ಷ್ಮಜೀವಿಗಳನ್ನು ಕೆಲಸಗಾರರೆಂದು ಬಲ್ಲ ವಿದ್ಯೆಯು ಕನ್ನಡನಾಡಿನಲ್ಲಿ ನೂರು ವರ್ಷಗಳಷ್ಟು ಹಳೆಯದು; ಕನ್ನಡದ ಮಾತುಗಳು ಮಾತ್ರ ಅವನ್ನು ಇನ್ನೂ ಕಳ್ಳರಂತೆ ಕರೆಯುತ್ತಿವೆ.

೧೯೮೩ರ ಮಾತಿಗೆ ಕನ್ನಡವೇನು? ‘ಕುಣಿಕೆ’ ಎಂದರೆ ಸಿಕ್ಕಿಹಾಕಿಕೊಳ್ಳುವ ಅರ್ಥವೇ ಮುಂದಾಗುತ್ತದೆ. ‘ಚಕ್ರ’ವೆಂದರೆ ಹೊರಟುದೆಲ್ಲ ಹೊರಟಲ್ಲಿಗೆ ಬಂದು ಸೇರಬೇಕು, ಪರಮಾಣುಗಳ ಮಟ್ಟಿಗೆ ಈ ಮಾತು ಸಲ್ಲುತ್ತದೆ, ಶಕ್ತಿಯ ಮಟ್ಟಿಗೆ ಸಲ್ಲದು, ಉಸಿರಾಗಿ ಹೋದ ಶಕ್ತಿ ಮರಳುವುದಿಲ್ಲ. ‘ಆವರ್ತ’ವು ಸುಳಿಯನ್ನು ನೆನಪಿಗೆ ತರುತ್ತದೆ. ಈ ಸ್ಥಾನಕ್ಕೆ ‘ಬಳಸು’ ಎಂಬ ದೇಶ್ಯಶಬ್ದವು ಹೆಚ್ಚು ಯೋಗ್ಯವೆಂದು ತೋರುತ್ತದೆ. ಬಳಸು ಎಂದರೆ ಸುತ್ತಿಕೊಂಡು ಹೋಗುವುದು. ಬಳಸುದಾರಿಯಲ್ಲಿ ಹೋದವನು ಊರನ್ನು ಸೇರುತ್ತಾನೆ, ಆದರೆ ದಾರಿಬುತ್ತಿಯಲ್ಲಿ ಬಹುಪಾಲು ದಾರಿಯಲ್ಲಿಯೇ ಮುಗಿದಿರುತ್ತದೆ. ಬಳಸು ಎಂದರೆ ಉಪಯೋಗಿಸುವುದೂ ಹೌದು. ಸೋರಿದುದನ್ನು ಉಪಯೋಗಿಸಿ, ಸುತ್ತುದಾರಿಯಿಂದ, ನಷ್ಟಸಹಿತವಾಗಿ ಸಾಗಿಸುವ ಕಾರ್ಯದ ಎರಡು ಮುಖಗಳೂ ಒಂದೇ ಧಾತುವಿನಲ್ಲಿ ದೊರೆಯುತ್ತವೆ. ‘ಸೂಕ್ಷ್ಮಜೀವಿಗಳ ಬಳಸು’ ಎಂಬ ಪ್ರಯೋಗವು ಮೂಲದ ಆಂಗ್ಲಪದಕ್ಕಿಂತಲೂ ವಿಷಯಕ್ಕೆ ಹತ್ತಿರವಾಗಿದೆ.

ಕಿರುಜಗತ್ತಿನ ರೂಪಕಕ್ಕೂ ಕನ್ನಡದಲ್ಲಿ ತಿದ್ದುಪಡಿಯಿದೆ. ನಮ್ಮ ಕೆರೆಯು ಮುಚ್ಚಿದ ಜಗತ್ತೆಂದು ಯಾವ ರೈತನೂ ಭಾವಿಸಲಾರನು. ಅದಕ್ಕೆ ಜಲಾನಯನವುಂಟು, ತೂಬುಂಟು, ಕೋಡಿಯುಂಟು. ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ ಬರುತ್ತದೆ. ಕೊಚ್ಚೆನೀರು ಸೇರಿದ ಕೆರೆಯಲ್ಲಿ ಮೀನು ಸತ್ತು ತೇಲಿದಾಗ ಅನೇಕವೇಳೆ ಕಾರಣವು ವಿಷವಲ್ಲ. ಹೊರಗಿನಿಂದ ಬಂದ ಅತಿಯಾದ ಆಹಾರವನ್ನು ಬ್ಯಾಕ್ಟೀರಿಯಗಳು ಬಳಸುವಾಗ ನೀರಿನ ಆಮ್ಲಜನಕವೆಲ್ಲ ತೀರಿಹೋದುದು. ‘ಕ್ರಿಮಿ’ಯ ಭಾಷೆಯಲ್ಲಿ ಇದಕ್ಕೆ ಪರಿಹಾರವು ಕ್ರಿಮಿನಾಶನ, ‘ಬಳಸು’ವಿನ ಭಾಷೆಯಲ್ಲಿ ಪರಿಹಾರವು ಕೊಚ್ಚೆಯನ್ನು ಕೆರೆಗೆ ಬಿಡದಿರುವುದು. ಮಾತಿನ ಆಯ್ಕೆಯಿಂದ ಕಾರ್ಯದ ಆಯ್ಕೆಯೂ ಬೇರೆಯಾಗುತ್ತದೆ.

‘ಬಳಸು’ ಎಂಬ ಮಾ‌ತೂ ಒಂದು ದಿನ ರೂಢಿಯಾಗಿ, ತಾನು ತೋರಿಸದ ಯಾವುದನ್ನೋ ಮರೆಮಾಡುವುದು ನಿಶ್ಚಯ. ವೈರಸ್ಸುಗಳು ಚೆಲ್ಲುವುದನ್ನು ಅದು ಈಗಲೇ ಚೆನ್ನಾಗಿ ಹೇಳಲಾರದು. ರೂಪಕವಿಲ್ಲದ ಶಾಸ್ತ್ರವನ್ನು ಬಯಸುವುದು ಇದಕ್ಕೆ ಪರಿಹಾರವಲ್ಲ. ಅಂತಹ ಶಾಸ್ತ್ರವು ಇಲ್ಲ. ಪ್ರಯೋಜನದಿಂದ ರೂಢಿಗೆ ಜಾರುವ ಮಾತುಗಳನ್ನು ಕಾಲಕಾಲಕ್ಕೆ ನಿಲ್ಲಿಸಿ ಮುಖ್ಯಾರ್ಥದ ಬಾಧೆಯನ್ನು ತೋರಿಸತಕ್ಕ ಕೆಲಸವು ಸಾಹಿತ್ಯವಿದ್ಯಾರ್ಥಿಗಳಿಗೆ ಪರಿಚಿತವಾದುದು. ಪರಿಭಾಷಾಸಮಿತಿಗಳಲ್ಲಿ ವಿಜ್ಞಾನಿಯ ಪಕ್ಕದಲ್ಲಿ ಸಾಹಿತ್ಯದ ಅಧ್ಯಾಪಕನು ಕುಳಿತುಕೊಳ್ಳುವುದಕ್ಕೆ ಅಲಂಕಾರಶಾಸ್ತ್ರವು ಕೊಡುವ ಅಧಿಕಾರವು ಇದೇ. ಅದನ್ನು ಅವನು ಕಾಗುಣಿತವನ್ನು ತಿದ್ದುವುದಕ್ಕೆ ಮಾತ್ರ ಸೀಮಿತಗೊಳಿಸತಕ್ಕುದಲ್ಲ.